ಅಕ್ಕನ ಮನೆಗೆ ಗಂಧದ ಬಣ್ಣ

ಅಡ್ಯಾರ್

ಹೊರಡುವ ದಿನ ಮಾಡಿದ ಕೆಲಸಗಳು: ನೀರಿನ ಲಾರಿ ಬಂದಾಗ ಒಂಬತ್ತು ಕೊಡ ಹಿಡಿದು ಮೂರನೇ ಮಹಡಿಗೆ ಹೊತ್ತದ್ದು. ದೋಸೆ ಹಿಟ್ಟು ರುಬ್ಬಿ ಎರಡು ಡಬ್ಬಿಗೆ ತುಂಬಿದ್ದು. ನಮ್ಮನೆಯವರ ಬಿ.ಪಿ. ಮಾತ್ರೆಗಳನ್ನು ದಿನದಿನಕ್ಕೆ ಪೊಟ್ಟಣ ಕಟ್ಟಿ ಮೇಲೆ ವಾರದ ಹೆಸರು ಬರೆದದ್ದು. ಪುಳಿಯೋಗರೆ ಗೊಜ್ಜು ಕುದಿಸಿ, ಆರಿಸಿ, ಬಾಟಲಿಗೆ ಹಾಕಿ, ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು. ತುಳಸಿಗೆ ನೀರು ಹಾಕುವುದನ್ನು ಮಗಳಿಗೆ ಮೂರು ಸಲ ಹೇಳಿದ್ದು; ಮೂರು ಸಲವೂ ಅವಳು ಪುಸ್ತಕದಿಂದ ತಲೆಯೆತ್ತದೆ ತಮಿಳಿನಲ್ಲಿ "ತೆರಿಯುಂಮ್ಮಾ", ಗೊತ್ತಮ್ಮಾ, ಎಂದದ್ದು. ಕೊನೆಯದಾಗಿ, ಐದು ಪ್ಲಾಸ್ಟಿಕ್ ತುಂಡುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟದ್ದು.

ಆ ತುಂಡುಗಳ ಸಲುವಾಗಿಯೇ ಈ ಪ್ರಯಾಣ.

ನನ್ನ ಅಕ್ಕ ಸರಸ ಮೂವತ್ತು ವರ್ಷದಿಂದ ಅಮೆರಿಕದ ಒಹಾಯೊದಲ್ಲಿ ಒಂದು ಸಣ್ಣ ಊರಿನಲ್ಲಿದ್ದಾಳೆ. ಭಾವ ನಮ್ಮೂರಿನ ಪಶ್ಚಿಮ ಮಾಂಬಲಂನಲ್ಲಿ ಹುಟ್ಟಿ ಬೆಳೆದವರು, ಒಹಾಯೊದ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳಿಲ್ಲ. ಇರುವುದು ಒಂದು ಮರದ ಮನೆ. ಅಲ್ಲಿ ಮರದ ಮನೆಯೆಂದರೆ ಕಂಬ ತೊಲೆ ಮಾತ್ರವಲ್ಲ, ಗೋಡೆಯೂ ಹಲಗೆಯೇ. ಮೂರು ಬೇಸಿಗೆಗೊಮ್ಮೆ ಬಣ್ಣ ಹಚ್ಚದಿದ್ದರೆ ಹಿಮದ ನೀರು ಕುಡಿದು ಹಲಗೆ ಮೆತ್ತಗಾಗುತ್ತದೆ. ಭಾವ ಕಾರ್ಖಾನೆಯಲ್ಲಿ ತಾವೇ ಬೆರೆಸಿದ ಒಂದು ಹಸಿರನ್ನು, ಎಳೆಯ ಬಾಳೆಲೆಗೂ ಬಲಿತ ಬಾಳೆಲೆಗೂ ನಡುವಿನ ಹಸಿರನ್ನು, ಅಷ್ಟು ವರ್ಷವೂ ತಾವೇ ಏಣಿ ಹತ್ತಿ ಹಚ್ಚುತ್ತಿದ್ದರು.

ಈಗ ಅವರಿಗೆ ಮರೆವಿನ ಕಾಯಿಲೆ.

"ಇವರು ಮತ್ತೆ ಏಣಿ ಹತ್ತಿದ್ರು ಕಣೇ ಲಲಿ," ಎಂದು ಅಕ್ಕ ಫೋನಿನಲ್ಲಿ ಅತ್ತಳು. "ಕೈಯಲ್ಲಿ ಬ್ರಷ್ಷು, ಡಬ್ಬಿ ಖಾಲಿ. ಖಾಲಿ ಡಬ್ಬೀಲಿ ಅದ್ದಿ ಅದ್ದಿ ಬಳೀತಿದ್ದಾರೆ. ಹೋದ ಸಲ ಬಿದ್ದು ಕೈ ಮುರ್ಕೊಂಡಿದ್ದು ಅವರಿಗೆ ಜ್ಞಾಪಕವೇ ಇಲ್ಲ. ಗೋಡೆ ಸಿಪ್ಪೆ ಏಳ್ತಿರೋವರೆಗೂ ಹತ್ತುತ್ತಲೇ ಇರ್ತಾರೆ."

ಅದಕ್ಕೆ ಅವಳು ಕಂಡುಕೊಂಡ ದಾರಿ ಸೈಡಿಂಗ್. ಹಲಗೆಯ ಹಾಗೆಯೇ ಕಾಣುವ ವಿನೈಲ್ ಪಟ್ಟಿಗಳನ್ನು ಹಳೆಯ ಗೋಡೆಯ ಮೇಲೆ ಬುಡದಿಂದ ಸೂರಿನವರೆಗೆ ಹೊದಿಸಿಬಿಡುತ್ತಾರೆ. ಬಣ್ಣ ಅದರ ಮೈಯಲ್ಲೇ ಇರುತ್ತದೆ, ಮತ್ತೆ ಹಚ್ಚಬೇಕಾಗಿಲ್ಲ. ಆ ಬೀದಿಯಲ್ಲಿ ಎಲ್ಲರೂ ಆಗಲೇ ಹಾಕಿಸಿದ್ದಾರಂತೆ.

ಅಕ್ಕ ಇನ್ನೊಂದು ಮಾತನ್ನೂ ಹೇಳಿದಳು. "ಡಾಕ್ಟ್ರು ಹೇಳಿದಾರೆ, ಮನೆ ಗುರುತು ಇರೋವರೆಗೂ ಇವರನ್ನ ಮನೇಲೇ ಇಟ್ಕೊಳ್ಳಿ, ಅದೂ ಹೋದ ದಿನ ಇಂಥವರನ್ನ ನೋಡ್ಕೊಳ್ಳೋ ಹೋಮ್‌ಗೆ ಸೇರಿಸಬೇಕಾಗುತ್ತೆ ಅಂತ. ಅಲ್ಲಿ ರಾತ್ರಿ ಬಾಗಿಲು ಹೊರಗಿನಿಂದ ಹಾಕ್ತಾರೆ ಲಲಿ. ಇವರಿಗೆ ತಮಿಳಲ್ಲಿ ನೀರು ಕೇಳಿದ್ರೆ ಯಾರಿಗೆ ಅರ್ಥವಾಗಬೇಕು?"

ಬಣ್ಣ ಆರಿಸಲು ಐದು ಮಾದರಿ ತುಂಡುಗಳನ್ನು ನನಗೆ ಅಂಚೆಯಲ್ಲಿ ಕಳಿಸಿದಳು. ಹೊರಗಿನವರಿಗೆ ಇದು ಹುಚ್ಚೆನ್ನಿಸಬಹುದು. ಆದರೆ ಚಿಕ್ಕಂದಿನಿಂದ ಅಕ್ಕನ ಒಂದು ಸೀರೆಯನ್ನೂ ಅಕ್ಕ ಆರಿಸಿದ್ದಿಲ್ಲ. ಟಿ. ನಗರದ ಅಂಗಡಿಗಳಲ್ಲಿ ನಾನೇ ಸೀರೆಯನ್ನು ಬಾಗಿಲಿನವರೆಗೆ ಎಳೆದುಕೊಂಡು ಬಂದು, ಟ್ಯೂಬ್‌ಲೈಟಿನ ಮೋಸವನ್ನು ಬಿಸಿಲಿನಲ್ಲಿ ಬಿಡಿಸಿ, "ಇದು ಬೇಡ, ಅದು" ಎನ್ನುವುದು. ಅವಳು ಹೂಂ ಎನ್ನುವುದು. ಮದುವೆಯ ಸೀರೆಯೂ ಹಾಗೆಯೇ ಬಂದದ್ದು.

ತುಂಡುಗಳನ್ನು ಟೆರೇಸಿಗೆ ಒಯ್ದೆವು. ಬಿಳಿ, ಬೂದಿ, ತಿಳಿನೀಲಿ, ಗಂಧದ ಬಣ್ಣ, ಹಸಿರು. ಒಣಗಿದ ನೀರಿನ ತೊಟ್ಟಿಯ ಮೇಲೆ ಸಾಲಾಗಿಟ್ಟು ನೋಡಿದೆವು.

ಮಗಳು ಒಂದನ್ನು ಬಗ್ಗಿಸಿ, ದೊಡ್ಡಮ್ಮನ ಮನೆಯೂ ಬಕೆಟ್ಟಿನ ಹಾಗೆಯೇ ಎಂಬಂತೆ, "ಪೆರಿಯಮ್ಮಾ ವೀಡು ಪ್ಲಾಸ್ಟಿಕ್ಕಾಮ್ಮಾ? ಬಕೆಟ್ ಮಾದಿರಿ?" ಎಂದಳು.

"ಬಕೆಟ್ ಅಲ್ಲಮ್ಮ, ಮನೆಗೆ ರೇನ್‌ಕೋಟು," ಎಂದರು ನಮ್ಮನೆಯವರು. "ಲಲಿತಾ, ಹಸಿರೇ ಇರ್ಲಿ ಬಿಡೇ. ಇರೋದೇ ಹಸಿರು ತಾನೇ?"

"ಹಸಿರು ರೈಲ್ವೆ ಆಸ್ಪತ್ರೆ ಥರ ಕಾಣ್ಸುತ್ತೆ. ಮೂವತ್ತು ವರ್ಷ ಅದನ್ನೇ ನೋಡಿದ್ದಾಳೆ, ಸಾಕು. ಗಂಧದ ಬಣ್ಣ ಮಂಗಳಕರವಾಗಿದೆ."

ಅಕ್ಕ ಫೋನಿನಲ್ಲಿ ಒಂದೇ ಒಂದು ಸಲ ಕೇಳಿದಳು: "ಹಸಿರು ಇವರ ಬಣ್ಣಕ್ಕೆ ಹತ್ತಿರ ಇತ್ತಲ್ವೇನೇ?" ನಾನು ಬೇಡವೆಂದೆ. ಅವಳು ಹೂಂ ಎಂದಳು.

ವಿಮಾನ ನಿಲ್ದಾಣದ ಮೇಜು

ಇಪ್ಪತ್ತೆರಡು ಗಂಟೆಯ ಪ್ರಯಾಣದಲ್ಲಿ ನಾನು ಸೀಟಿನ ಬೆಲ್ಟನ್ನು ಒಮ್ಮೆಯೂ ಬಿಚ್ಚಲಿಲ್ಲ. ಬಿಚ್ಚಬಹುದೆಂದು ಪಕ್ಕದಲ್ಲಿದ್ದ ಹೆಂಗಸು ಎರಡು ಸಲ ಸನ್ನೆ ಮಾಡಿದಳು. ಹೇಳಿದ ಮೇಲೆ ಬಿಚ್ಚಿದರೆ ಇಷ್ಟು ಹೊತ್ತು ಗೊತ್ತಿರಲಿಲ್ಲವೆಂದು ತಿಳಿಯುತ್ತದಲ್ಲ ಎಂದು ಹಾಗೆಯೇ ಕುಳಿತೆ.

ಇಳಿದಮೇಲೆ ಸೂಟ್‌ಕೇಸನ್ನು ಮೇಜಿನ ಮೇಲೆ ಬಿಚ್ಚಿಸಿದರು. ಗೊಜ್ಜಿನ ಬಾಟಲಿಗೆ ಕುತ್ತು ಬರುತ್ತದೆಂದು ನಾನು ಒಂದು ಭಾಷಣವನ್ನೇ ಬಾಯಿಪಾಠ ಮಾಡಿಕೊಂಡಿದ್ದೆ. ಆ ಅಧಿಕಾರಿ ಗೊಜ್ಜನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ. ಟವೆಲು ಬಿಚ್ಚಿದ. ಐದು ತುಂಡುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಇದು ಸೈಡಿಂಗ್. ಇಂಡಿಯಾದಿಂದ ತಂದಿರಾ?"

"ಇಲ್ಲ. ನಿಮ್ಮದೇ. ವಾಪಸು ಕೊಡಲು ತಂದೆ. ಮಾದರಿ ಹಿಂತಿರುಗಿಸಬೇಕಲ್ಲ?"

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಈ ಊರಿನಲ್ಲಿ ಇಂಥ ತುಂಡುಗಳನ್ನು ಜನ ಕಸಕ್ಕೆ ಹಾಕುತ್ತಾರೆಂದು ಆಮೇಲೆ ಗೊತ್ತಾಯಿತು. "ಯಾವ ಬಣ್ಣ ಆರಿಸಿದಿರಿ?" ಎಂದು ಕೇಳಿದ. ತೋರಿಸಿದೆ. "ಚೆನ್ನಾಗಿದೆ. ನಮ್ಮನೆಗೂ ಅದೇ," ಎಂದು ಗೊಜ್ಜಿನ ಬಾಟಲಿಯನ್ನು ಜೋಪಾನವಾಗಿ ಒಳಗಿಟ್ಟು ಕಳಿಸಿಕೊಟ್ಟ. ನನಗೆ ಹೆಮ್ಮೆಯಾಯಿತು. ಇಡೀ ದೇಶಕ್ಕೇ ಅದೇ ಬಣ್ಣವಿದೆ ಎಂಬುದೇ ಅವನ ಮಾತಿನ ಅರ್ಥವೆಂದು ನನ್ನ ತಲೆಗೆ ಹೋಗಲಿಲ್ಲ.

ಹಸಿರು ಮನೆ

ಅಕ್ಕನ ಬೀದಿಯಲ್ಲಿ ಹನ್ನೊಂದು ಮನೆ. ಹತ್ತು ಮನೆ ಬಿಳಿ, ಬೂದಿ, ಇಲ್ಲವೇ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಕಾಂಪೌಂಡಿಲ್ಲ, ಗೇಟಿಲ್ಲ, ಬಾಗಿಲಲ್ಲಿ ರಂಗೋಲಿಯಿಲ್ಲ, ಚಪ್ಪಲಿಯಿಲ್ಲ. ನಮ್ಮ ಅಡ್ಯಾರಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಇಸ್ತ್ರಿಯವನ ಗಾಡಿ, ಎದುರಿನ ಮನೆಯ ನಾಯಿ, ಸಾಂಬಾರಿನ ವಾಸನೆ, ಯಾವುದಾದರೂ ಒಂದು ಹಿಡಿದುಕೊಂಡು ಮನೆ ಸೇರಬಹುದು. ಇಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತರ ನಡುವೆ ಒಂದೇ ಮನೆ ಹಸಿರು. ಸಿಪ್ಪೆ ಎದ್ದಿತ್ತು, ಆದರೂ ದೂರದಿಂದಲೇ ಕಾಣುತ್ತಿತ್ತು.

ಭಾವ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಬಾಚಿದ ತಲೆ. ನನ್ನನ್ನು ನೋಡಿ ಕೈ ಮುಗಿದು, "ವಾಂಗೋ ವಾಂಗೋ, ಬನ್ನಿ ತಾಯಿ," ಎಂದರು. ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ನಮ್ಮ ಅಪ್ಪ ತೀರಿಕೊಂಡಾಗ ನನ್ನ ಕಾಲೇಜಿನ ಫೀಜು ಕಟ್ಟಿದವರು ಅವರು.

ಆದರೆ ಮನೆ ಅವರಿಗೆ ಗೊತ್ತಿತ್ತು. ನನ್ನನ್ನು ಹೊರಗೇ ಸುತ್ತ ಕರೆದುಕೊಂಡು ಹೋಗಿ ಗೋಡೆಯನ್ನು ಮುಟ್ಟಿ ಮುಟ್ಟಿ ತೋರಿಸಿದರು. "ಇಲ್ಲಿ ಬ್ರಷ್ಷು ಅಡ್ಡ ಎಳೀಬೇಕು. ಇಲ್ಲಿ ಉದ್ದ. ಇದನ್ನ ಯಾವ ಅಂಗಡೀಲೂ ಮಾರೋದಿಲ್ಲ, ಗೊತ್ತಾ? ನಾನೇ ಮಾಡಿದ್ದು."

ಸಂಜೆ ಅವರು ಒಬ್ಬರೇ ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ನಡೆದು ತಿರುಗಿ ಬರುತ್ತಾರೆ. ಅಕ್ಕ ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾಳೆ. ತಿರುಗಿದಮೇಲೆ ಅವರು ಒಂದು ಕ್ಷಣ ನಿಂತು, ತಲೆಯೆತ್ತಿ ಹುಡುಕಿ, ಹಸಿರು ಕಂಡೊಡನೆ ಬಿರುಸಾಗಿ ಹೆಜ್ಜೆ ಹಾಕುತ್ತಾರೆ.

ಇದನ್ನು ನಾನು ಆ ದಿನದ ಡೈರಿಯಲ್ಲಿ ಬರೆದೂ ಇದ್ದೇನೆ. "ಭಾವ ಹಸಿರು ನೋಡಿ ಮನೆ ಗುರುತಿಸುತ್ತಾರೆ. ಸಂಜೆ ಉಪ್ಪಿಟ್ಟು." ಬರೆದು ಪೆನ್ನು ಮುಚ್ಚಿ ಮಲಗಿದ್ದೇನೆ. ಬರೆದದ್ದನ್ನು ಒಮ್ಮೆ ಓದಿದ್ದರೆ ಸಾಕಿತ್ತು.

ಮೊಳೆ ಹೊಡೆದ ದಿನಗಳು

ಬುಧವಾರ ಬೆಳಿಗ್ಗೆ ಸೈಡಿಂಗ್ ಹಾಕುವ ಡೇವ್ ಬಂದ. ಅರವತ್ತರ ಹತ್ತಿರದ ಮನುಷ್ಯ, ಒಬ್ಬನೇ. ನಮ್ಮಲ್ಲಾದರೆ ಕೊತ್ತನಾರ್ ಎಂಬ ಮೇಸ್ತ್ರಿ, ಅವನಿಗೊಬ್ಬ ಸಿತ್ತಾಳು ಎಂಬ ಕೈಯಾಳು, ನೋಡಲು ನಾಲ್ಕು ಜನ, ಮೂರು ಸಲ ಟೀ. ನಾನು ಲೋಟ ತುಂಬ ಕಾಫಿ ಹಿಡಿದು ಹೊರಗೆ ಹೋದರೆ ಅವನು ತನ್ನ ಫ್ಲಾಸ್ಕು ತೋರಿಸಿ, "ಇದೆ, ಥ್ಯಾಂಕ್ಸ್," ಎಂದ. ಮನೆಗೆಲಸಕ್ಕೆ ಬಂದವನು ಮನೆಯ ಕಾಫಿ ಕುಡಿಯದಿದ್ದರೆ ಕೆಲಸ ಹೇಗೆ ಏಳಿಗೆಯಾದೀತು ಎಂದು ನನಗೆ ಆಗಲೇ ಕಸಿವಿಸಿ. ಆ ಕಾಫಿಯನ್ನು ನಾನೇ ಕುಡಿದೆ.

ಅವನು ಸಿಪ್ಪೆ ಎದ್ದ ಹಲಗೆಯನ್ನು ಕೆರೆಯಲು ಶುರುಮಾಡಿದ ಕೂಡಲೇ ಭಾವ ಹೊರಗೆ ಓಡಿಬಂದರು. "ಏಯ್, ಯಾರಯ್ಯಾ ನೀನು? ಕೈ ತೆಗಿ! ಕೈ ತೆಗಿ ಗೋಡೆಯಿಂದ!" ಡೇವ್ ಟೋಪಿ ತೆಗೆದು ಹಿಂದೆ ಸರಿದು ನಿಂತ. ಅಕ್ಕ ಹೆದರಿ, ಪಕ್ಕದ ಊರಿನಲ್ಲಿದ್ದ ಒಂದು ಕನ್ನಡದ ದಂಪತಿಗೆ ಫೋನು ಮಾಡಿದಳು. ಕೆಲಸ ಮುಗಿಯುವವರೆಗೆ ಭಾವ ಅವರ ಮನೆಯಲ್ಲೇ ಇರಲಿ, ಶುಕ್ರವಾರ ಕರೆತನ್ನಿ ಎಂದಳು. ಅವರು ಬಂದು ಕಾರಿನಲ್ಲಿ ಕೂರಿಸಿಕೊಂಡರು. ಭಾವ ಹಿಂದಿನ ಗಾಜಿನಿಂದ ಮನೆಯನ್ನೇ ನೋಡುತ್ತಾ ಹೋದರು.

ಕೆಲಸ ನೋಡಲು ಚೆನ್ನಾಗಿಯೇ ಇತ್ತು. ಮೊದಲು ಹಲಗೆಯ ಮೇಲೆ ಬಿಳಿಯ ಥರ್ಮೋಕೋಲಿನಂಥ ಹಾಳೆ. ಆಮೇಲೆ ಬುಡದಿಂದ ಒಂದೊಂದೇ ಪಟ್ಟಿ, ಕೆಳಗಿನದರ ತುಟಿಗೆ ಮೇಲಿನದನ್ನು ಸಿಕ್ಕಿಸಿ ಮೊಳೆ. ನಾನು ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ. ಮೊಳೆಯನ್ನು ಅವನು ಪೂರ್ತಿ ಹೊಡೆಯುತ್ತಿರಲಿಲ್ಲ. ಕೈಯಲ್ಲಿ ಅಲ್ಲಾಡಿಸಿದರೆ ಪಟ್ಟಿ ಅತ್ತಿತ್ತ ಸರಿಯುತ್ತಿತ್ತು. ನಮ್ಮೂರಿನ ಕೆಲಸಗಾರರನ್ನು ಕಾದು ಕಾದು ಬಂದ ಅಭ್ಯಾಸ. ಎದ್ದು ಹೋಗಿ ಕೇಳಿಯೇಬಿಟ್ಟೆ.

"ಬಿಗಿಯಾಗಿಲ್ಲವಲ್ಲ?"

"ಬಿಗಿಯಬಾರದು, ಮೇಡಂ. ಬಿಸಿಲಿಗೆ ಇದು ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಬಿಗಿದರೆ ಉಬ್ಬಿ ಸೊಟ್ಟಗಾಗುತ್ತೆ. ಗೋಡೆಗೆ ಸುಮ್ಮನೆ ತಗುಲಿಹಾಕಬೇಕು ಅಷ್ಟೆ."

ಅವನು ಹಳೆಯ ಹಲಗೆಯ ಮೇಲೆ ಬೆರಳಾಡಿಸಿ, "ಒಳ್ಳೆಯ ಬಣ್ಣ ಇದು. ಯಾರೋ ಪ್ರೀತಿಯಿಂದ ಹಚ್ಚಿದ್ದಾರೆ," ಎಂದೂ ಹೇಳಿದ. ಆಮೇಲೆ ಬಿಳಿಯ ಹಾಳೆ ಮುಚ್ಚಿ ಮೊಳೆ ಹೊಡೆದ.

ಗುರುವಾರ ಸಂಜೆ ಕೊನೆಯ ಹಸಿರು ಮರೆಯಾಯಿತು. ಅಕ್ಕ ಬೀದಿಯ ಆಚೆ ನಿಂತು ನೋಡಿ, "ನಿನ್ನ ಕಣ್ಣೇ ಕಣ್ಣು ಲಲಿ. ಹೊಸ ಮನೆ ಆಗ್ಹೋಯ್ತು," ಎಂದು ನನ್ನ ಕೈ ಹಿಡಿದಳು. ಅವಳು ನಕ್ಕದ್ದನ್ನು ಈ ಪ್ರಯಾಣದಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಶುಕ್ರವಾರ

ಹೊಸ ಮನೆ ಎಂದಳಲ್ಲ, ಆ ಮಾತಿಗೆ ನಾನು ಜೋತುಬಿದ್ದೆ. ಶುಕ್ರವಾರ, ಒಳ್ಳೆಯ ದಿನ. ಮೈಲಾಪುರದಲ್ಲಿ ಕೊಂಡು ತಂದಿದ್ದ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಸೂಟ್‌ಕೇಸಿನಲ್ಲಿತ್ತು. ಕಟ್ಟಿದೆ. ಹೊಸ ಪಾತ್ರೆಯಲ್ಲಿ ಹಾಲು ಉಕ್ಕಿಸಿದೆವು. ಪಾಯಸ, ಕೋಸಂಬರಿ, ಬೀನ್ಸ್ ಪಲ್ಯ, ನನ್ನ ಗೊಜ್ಜಿನ ಪುಳಿಯೋಗರೆ. ಬರುವ ದಂಪತಿಗೆ ಕೊಡಲೆಂದು ಎಲೆ, ಅಡಿಕೆ, ತೆಂಗಿನಕಾಯಿ ಹಾಕಿ ತಾಂಬೂಲದ ಚೀಲ ಮೂರು ಮಾಡಿದೆ. ಎರಡು ಸಾಕಿತ್ತು. ಬೆಸ ಸಂಖ್ಯೆ ಇರಲಿ ಎಂದು ಮೂರು ಮಾಡಿದೆ.

ಹನ್ನೊಂದು ಗಂಟೆಗೆ ಕಾರು ಬಂತು. ಭಾವ ಕೋಟು ಹಾಕಿಕೊಂಡಿದ್ದರು. ಇಳಿದು ತೋರಣ ನೋಡಿದರು, ಹೊಸ ಗೋಡೆ ನೋಡಿದರು, ಆರತಿ ತಟ್ಟೆ ಹಿಡಿದು ನಿಂತ ನಮ್ಮಿಬ್ಬರನ್ನು ನೋಡಿದರು. ಮುಖ ಅರಳಿತು.

"ಓ, ಗೃಹಪ್ರವೇಶ! ಯಾರ ಮನೇದು?"

ದಂಪತಿ ನಕ್ಕರು. ತಮಾಷೆಯೆಂದುಕೊಂಡು ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಭಾವ ಶೂ ಬಿಚ್ಚಿ ಒಂದು ಮೂಲೆಯಲ್ಲಿ ಜೋಡಿಸಿಟ್ಟರು. ಸೋಫಾದ ಅಂಚಿನಲ್ಲಿ, ಬೇರೆಯವರ ಮನೆಯಲ್ಲಿ ಕೂರುವ ಹಾಗೆ, ಮೊಣಕಾಲು ಕೂಡಿಸಿ ಕುಳಿತರು. ಕೈ ತೊಳೆಯುವುದು ಎಲ್ಲಿ ಎಂದು ಕೇಳಿದರು. ಊಟಕ್ಕೆ ಕೂತಾಗ ಅಕ್ಕ ಪಾಯಸ ಬಡಿಸಲು ಬಗ್ಗಿದರೆ, "ಸಾಕಮ್ಮಾ, ನಮ್ಮನೆಯವಳು ಕಾಯ್ತಿರ್ತಾಳೆ. ನಾನು ಇಲ್ಲಿ ಹೊಟ್ಟೆ ತುಂಬಿಸ್ಕೊಂಡು ಹೋದ್ರೆ ಅವಳು ಒಬ್ಬಳೇ ಉಣ್ಬೇಕು," ಎಂದರು.

ಅಕ್ಕನ ಕೈಯ ಸೌಟು ಪಾಯಸದ ಪಾತ್ರೆಗೆ ವಾಪಸು ಹೋಯಿತು.

ಊಟವಾಯಿತು. ದಂಪತಿ ಹೊರಟರು. ನಾನು ಕುಂಕುಮ ಕೊಟ್ಟು ತಾಂಬೂಲದ ಚೀಲ ಕೊಟ್ಟೆ, ಒಂದು ಅವಳಿಗೆ, ಒಂದು ಅವರಿಗೆ. ಭಾವ ಎದ್ದು ಬಂದು ಸಾಲಿನಲ್ಲಿ ಮೂರನೆಯವರಾಗಿ ನಿಂತರು. ಕೈ ಚಾಚಿದರು. ಚಾಚಿದ ಕೈಗೆ ಇಲ್ಲ ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ಮೂರನೆಯ ಚೀಲವನ್ನು ಅವರ ಕೈಗಿಟ್ಟೆ.

ತಾಂಬೂಲ ತೆಗೆದುಕೊಂಡ ಮೇಲೆ ಅತಿಥಿ ಹೊರಡಬೇಕು. ಅವರು ಅಕ್ಕನ ಕಡೆ ತಿರುಗಿ ಕೈ ಮುಗಿದರು.

"ಊಟ ಬಹಳ ಚೆನ್ನಾಗಿತ್ತಮ್ಮ. ಮನೆಯೂ ಚೆನ್ನಾಗಿದೆ. ಬಣ್ಣ ಮಾತ್ರ ಸ್ವಲ್ಪ ಸಪ್ಪೆ."

ಶೂ ಹಾಕಿಕೊಂಡು, ಚೀಲ ಹಿಡಿದು ಹೊರಟೇಬಿಟ್ಟರು. ನಾವಿಬ್ಬರೂ ಹಿಂದೆ ಹೋದೆವು. ಅಂಚೆಪೆಟ್ಟಿಗೆಯವರೆಗೆ ನಡೆದರು. ತಿರುಗಿದರು. ನಿಂತು ತಲೆಯೆತ್ತಿದರು. ಹನ್ನೊಂದು ಮನೆ, ಹನ್ನೊಂದೂ ಒಂದೇ. ಮೆಲ್ಲಗೆ ನಡೆದು ಬೀದಿಯ ಈ ಕೊನೆಗೆ ಬಂದರು, ಮತ್ತೆ ಆ ಕೊನೆಗೆ ಹೋದರು. ನಮ್ಮನೆಯ ಮುಂದೆ ಮೂರು ಸಲ ಹಾದುಹೋದರು.

"ಇಲ್ಲೇ ಇತ್ತು," ಎಂದರು. "ಇಲ್ಲೇ ಇತ್ತು ತಾಯಿ."

"ರೀ, ಇದೇ ನಮ್ಮನೆ. ನಾನು ಸರಸ," ಎಂದಳು ಅಕ್ಕ.

"ಅಲ್ಲಮ್ಮ, ನಿಮ್ಮದಲ್ಲ. ನನ್ನದು ಹಸಿರು."

ಎದುರಿನ ಮನೆಯವನೊಬ್ಬ ಹುಲ್ಲಿಗೆ ನೀರು ಬಿಡುತ್ತಿದ್ದ. ಪೈಪಿನ ನೀರು ರಸ್ತೆಗೆ ಹರಿದುಹೋಗುತ್ತಿತ್ತು. ನನ್ನ ಒಂಬತ್ತು ಕೊಡ ನೀರು ಆ ಹೊತ್ತಿನಲ್ಲೂ ಜ್ಞಾಪಕಕ್ಕೆ ಬಂತು. ಭಾವ ಅವನ ಹತ್ತಿರ ಹೋಗಿ ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದರು: "ಸಾರ್, ಮಾಂಬಲಂ ಬಸ್ ಎಂಗೆ ನಿಕ್ಕುಂ?"

ಮಾಂಬಲಂನ ಅವರ ಮನೆಯನ್ನು ಕೆಡವಿ ಫ್ಲಾಟು ಕಟ್ಟಿ ಎಷ್ಟೋ ವರ್ಷವಾಯಿತು. ಅಲ್ಲಿಗೂ ಬಸ್ಸಿಲ್ಲ, ಇಲ್ಲಿಗೂ ದಾರಿಯಿಲ್ಲ.

ಇವತ್ತು ಬಸ್ಸು ಹೋಯಿತು, ನಾಳೆ ಹೋಗೋಣ ಎಂದು ನಂಬಿಸಿ ಒಳಗೆ ಕರೆತಂದೆವು. ತಮಗೆ ಜಾಗ ಕೊಟ್ಟದ್ದಕ್ಕೆ ಅವರು ಮತ್ತೆ ಮತ್ತೆ ಕೈ ಮುಗಿದರು.

ಶನಿವಾರ

ಬೆಳಿಗ್ಗೆ ನಾನೇ ಡೇವ್‌ಗೆ ಫೋನು ಮಾಡಿದೆ. ನನ್ನ ಇಂಗ್ಲಿಷು ಅವನಿಗೆಷ್ಟು ತಿಳಿಯಿತೋ, ರಜದ ದಿನವಾದರೂ ಬಂದ. ಹಸಿರು ಪಟ್ಟಿ ಹಾಕಲಾದೀತೇ ಎಂದು ಕೇಳಿದೆ. ಹಳೆಯ ಗೋಡೆಯ ಬಣ್ಣ ಯಾವ ಕಂಪನಿಯಲ್ಲೂ ಇಲ್ಲ, ತುಂಡಿನ ಹಸಿರು ಬೇರೆ ಹಸಿರು ಎಂದ. ನಿಜವೇ. ಟೆರೇಸಿನ ಬಿಸಿಲಿನಲ್ಲಿ ನಾನು ನೋಡಿದ್ದು ತುಂಡನ್ನು. ಭಾವನ ಗೋಡೆಯನ್ನು ಅಲ್ಲ.

"ಹಾಗಾದರೆ ಬಾಗಿಲ ಪಕ್ಕ ಸ್ವಲ್ಪ ಬಿಚ್ಚಿ ತೋರಿಸು," ಎಂದೆ.

ಅವನ ಜೇಬಿನಲ್ಲಿ ಒಂದು ಸಣ್ಣ ಕೊಕ್ಕೆಯಿತ್ತು. ಅದನ್ನು ಎರಡು ಪಟ್ಟಿಗಳ ನಡುವೆ ತೂರಿಸಿ ಎಳೆದರೆ ಜಿಪ್ಪು ಬಿಚ್ಚಿದ ಹಾಗೆ ಬಿಟ್ಟುಕೊಂಡಿತು. ಮೂರು ಪಟ್ಟಿ ತೆಗೆದ. ಬಿಳಿಯ ಹಾಳೆಯನ್ನು ಕಿಟಕಿಯಷ್ಟಗಲ ಕತ್ತರಿಸಿದ. ಒಳಗೆ ಹಸಿರು.

ಭಾವನನ್ನು ಕರೆತಂದೆವು. ತಾಂಬೂಲದ ಚೀಲ ಕೈಯಲ್ಲೇ ಇತ್ತು. ಅದನ್ನು ಮೆಟ್ಟಿಲ ಮೇಲಿಟ್ಟು ಅಂಗೈಯನ್ನು ಹಲಗೆಯ ಮೇಲೆ ಊರಿದರು. ಮೂಗು ತಾಗಿಸಿ ವಾಸನೆ ನೋಡಿದರು. ಬೆರಳನ್ನು ಅಡ್ಡ ಎಳೆದರು, ಆಮೇಲೆ ಉದ್ದ.

"ಇದು ನಂದು," ಎಂದರು. ಆಮೇಲೆ ಸಣ್ಣ ಧ್ವನಿಯಲ್ಲಿ, "ನನ್ನ ಮನೇನ ಇದರೊಳಗೆ ಮುಚ್ಚಿದ್ದು ಯಾರು?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ನಾನೇ ರೀ," ಎಂದಳು. "ಬಣ್ಣ ಆರಿಸಿದ್ದೂ ನಾನೇ."

ಅವರು ಅವಳ ಮುಖ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ಬಾಗಿಲು ಎರಡು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಅದರೊಳಗೆ ಮಾತ್ರ ಬರಲೊಲ್ಲರು. ಅದು ಈ ಅಮ್ಮನ ಮನೆ, ತಮ್ಮದು ಈ ಕಂಡಿಯೊಳಗಿದೆ ಎಂಬುದೊಂದೇ ಮಾತು. ಬೆರಳು ತೂರಿಸಿ ಹಾಳೆಯನ್ನು ಇನ್ನಷ್ಟು ಹರಿಯಲು ನೋಡಿ ಉಗುರಿನಲ್ಲಿ ರಕ್ತ ಬಂತು.

ಡೇವ್ ನನ್ನನ್ನು ಪಕ್ಕಕ್ಕೆ ಕರೆದು, "ಹೀಗೆ ಬಿಡುವಂತಿಲ್ಲ, ಮಳೆ ಬಂದರೆ ನೀರು ಹಿಂದೆ ಇಳಿದು ಇಡೀ ಗೋಡೆ ಕೊಳೆಯುತ್ತೆ. ನಾಳೆ ಬಂದು ಮುಚ್ಚುತ್ತೇನೆ," ಎಂದ. ಆ ದಿನ ನಾನು ಕೊಟ್ಟ ಕಾಫಿ ಕುಡಿದ.

ಮಧ್ಯಾಹ್ನ ಅಕ್ಕ ಒಳಗೆ ಹೋಗಿ ಹೋಮ್‌ಗೆ ಫೋನು ಮಾಡಿದಳು. ಇಂಗ್ಲಿಷಿನಲ್ಲಿ ಅವಳ ಧ್ವನಿ ಬೇರೆ ಯಾರದೋ ಹಾಗಿತ್ತು. ಸೋಮವಾರ ಹತ್ತು ಗಂಟೆಗೆ ವ್ಯಾನು ಬರುತ್ತದೆ. ಏನೇನು ಕಳಿಸಬೇಕೆಂದು ಅವರು ಹೇಳಿದ್ದನ್ನು ಅವಳು ನನ್ನ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು: ಆರು ಶರ್ಟು, ಚಪ್ಪಲಿ, ಶೇವಿಂಗ್ ಸೆಟ್ಟು, ಮನೆಯ ಫೋಟೋ ಒಂದು. ಹಳೆಯದೋ ಹೊಸದೋ ಎಂದು ಅವಳು ಕೇಳಲಿಲ್ಲ.

ಸಂಜೆ ಎಂಟಾದರೂ ಅಲ್ಲಿ ಬಿಸಿಲು. ಭಾವನಿಗೆ ಕುರ್ಚಿಯನ್ನು ಹೊರಗೇ ಹಾಕಿಕೊಟ್ಟೆವು, ಗೋಡೆಗೆ ತಾಗಿಸಿ. ಊಟವನ್ನೂ ಅಲ್ಲಿಗೇ ತಂದೆವು. ಮೊಸರನ್ನ, ನಿನ್ನೆ ಉಳಿದ ಪುಳಿಯೋಗರೆ, ಒಂದು ಹೋಳು ನಿಂಬೆಕಾಯಿ ಉಪ್ಪಿನಕಾಯಿ. ಭಾವ ಎರಡು ಸಲ ಹಾಕಿಸಿಕೊಂಡು ಉಂಡರು. ಅಕ್ಕ ಅವರು ಬಿಟ್ಟ ತಟ್ಟೆಯಲ್ಲಿ ಒಂದು ತುತ್ತು ತಿಂದಳು. ನಾನು ಮೊಸರನ್ನ ಮಾತ್ರ. ಮೊದಲು ನಿದ್ದೆ ಹೋದವರು ಭಾವ, ಕುರ್ಚಿಯಲ್ಲೇ, ಬಲಗೈ ಹಸಿರಿನ ಮೇಲೆ. ಆಮೇಲೆ ಅಕ್ಕ, ಮೆಟ್ಟಿಲ ಮೇಲೆ ಗಂಧದ ಬಣ್ಣಕ್ಕೆ ಒರಗಿ. ನಾನು ಕುಳಿತೇ ಇದ್ದೆ. ಭಾವನ ಕೈ ಜಾರಿದಾಗಲೆಲ್ಲ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದೆ.